ಚಿಲಕದ ಎತ್ತರ

"ಆ ಕಿಟಕಿ ಮುಚ್ಚಬೇಡಿ," ಎಂದು ಅವಳು ಮೈದುನನ ಕೈ ಹಿಡಿದು ತಡೆದಳು. "ಅವರಿಗೆ ಸೆಕೆ ಆಗುತ್ತೆ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮಂಚದ ಮೇಲೆ ಕುತ್ತಿಗೆಯವರೆಗೆ ಬಿಳಿ ಬಟ್ಟೆ ಹೊದ್ದು ಮಲಗಿದ್ದ ಗಂಡನಿಗೆ ಇನ್ನೆಲ್ಲಿಯ ಸೆಕೆ. ಮೈದುನ ಕೈ ಹಿಂದೆ ತೆಗೆದುಕೊಂಡ. ರಸ್ತೆಯ ಧೂಳು ಒಳಗೆ ಬರುತ್ತಲೇ ಇತ್ತು.

"ಅಣ್ಣನನ್ನ ಕಂಡರೆ ಕಾರ್ಖಾನೆಯ ಬಡಗಿಗಳೆಲ್ಲ ಗಡಗಡ ನಡುಗ್ತಿದ್ರು," ಎಂದ ಮೈದುನ. "ಕೊನೆಗೆ ನೋಡಿದ್ರೆ ಟಿವಿ ನೋಡ್ಕೊಂಡು ಅಳ್ತಿದ್ದ."

"ಅದು ಇಂಜೆಕ್ಷನ್ ಕೆಲಸ," ಎಂದ ಅಳಿಯ. ಅವನದು ಔಷಧಿ ಅಂಗಡಿ. "ಪ್ರಾಸ್ಟೇಟ್ ಕ್ಯಾನ್ಸರಿಗೆ ಗಂಡಸಿನ ಹಾರ್ಮೋನೇ ಗೊಬ್ಬರ. ಅದನ್ನ ನಿಲ್ಲಿಸ್ತಾರೆ. ಆಗ ಹೆಂಗಸರಿಗೆ ಬರೋ ಹಾಗೆ ಸೆಕೆ ಬರುತ್ತೆ. ಕೆಲವರಿಗೆ ಅಳುನೂ."

ಅವಳು ಅಳಿಯನ ಕಡೆ ತಿರುಗಿದಳು.

"ಇಂಜೆಕ್ಷನ್ ಇಲ್ಲದಿದ್ರೆ ಅಳ್ತಾ ಇರಲಿಲ್ವಾ?"

"ಹಾಗೆ ಹೇಳೋಕಾಗಲ್ಲ ಅತ್ತೆ," ಎಂದ ಅಳಿಯ.

*

ವರ್ಷಗಳ ಹಿಂದೆ, ಅವಳಿಗೆ ಮುಟ್ಟು ನಿಲ್ಲುವ ಕಾಲ. ಮೈಯೆಲ್ಲ ಉರಿಯೆದ್ದಾಗ ಸ್ಟೂಲು ಎಳೆದು, ಹತ್ತಿ, ಈ ಕಿಟಕಿಯ ಮೇಲಿನ ಚಿಲಕ ತೆಗೆಯುತ್ತಿದ್ದಳು. ಗಂಡನ ಭುಜಕ್ಕಷ್ಟೇ ಬರುವ ಹೆಂಗಸಿಗೆ ಅದು ಎಟುಕುತ್ತಿರಲಿಲ್ಲ. ಗಂಡ ನಿಂತಲ್ಲಿಂದಲೇ ಕೈ ಎತ್ತಿ ಮುಚ್ಚಿಬಿಡುತ್ತಿದ್ದ.

"ಇದೇನು ಹೊಸ ನಾಟಕ? ಪಾಲಿಷ್ ಮೇಲೆಲ್ಲ ಧೂಳು ಕೂರುತ್ತೆ."

ಎಷ್ಟೋ ವರ್ಷಗಳ ನಂತರ ಒಂದು ಮಧ್ಯಾಹ್ನ ಅದೇ ಗಂಡ ಅಂಗಿ ಕಿತ್ತೆಸೆದು, ಬೆವರು ಸುರಿಸುತ್ತ ಇದೇ ಮಂಚದ ಮೇಲೆ ಕೂತಿದ್ದ. ಅವಳು ದಿನಪತ್ರಿಕೆಯಿಂದ ಗಾಳಿ ಹಾಕುತ್ತಿದ್ದಳು.

"ನಿನಗೂ ಆಗ ಹೀಗೇ ಆಗ್ತಿತ್ತಾ?"

"ಹೂಂ."

"ಮತ್ತೆ ನಾನು ಮುಚ್ಚಿಬಿಡ್ತಿದ್ದೆನಲ್ಲೇ." ಅವಳ ಸೆರಗಿಗೆ ಮುಖ ಒತ್ತಿ ಬಿಕ್ಕಿಬಿಕ್ಕಿ ಅತ್ತಿದ್ದ. ಕಾಯಿಲೆಯ ಮನೆಯಲ್ಲಿ ಹೀಗೆ ಸಂತೋಷಪಡಬಾರದು ಎಂದುಕೊಂಡರೂ ಅವಳಿಗೆ ಸಂತೋಷವಾಗಿತ್ತು. ಆ ವಾರವೇ ಗೆದ್ದಲು ಹತ್ತಿದ್ದ ಹಳೆಯ ಕಿಟಕಿ ಕಿತ್ತು ಹೊಸದು ಕೂರಿಸಿದ. ಆಮೇಲೆ ಅದನ್ನು ಯಾರೂ ಮುಚ್ಚಲೇ ಇಲ್ಲ.

*

ಆ ಅಳು ಯಾರದು? ಇಂಜೆಕ್ಷನ್ನಿನದಾದರೆ ಅವಳು ಇಷ್ಟು ದಿನ ಯಾರ ತಲೆ ಸವರಿದಳು? ಗಂಡನ ಮುಖ ನೋಡಿದಳು. ಅಲ್ಲಿ ಸಿಡುಕೂ ಇರಲಿಲ್ಲ, ಅಳುವೂ ಇರಲಿಲ್ಲ.

ಗಂಡನ ಜೊತೆ ಕೆಲಸ ಮಾಡುತ್ತಿದ್ದ ಹಳೆಯ ಬಡಗಿ ಒಳಗೆ ಬಂದ. ಮುಖ ನೋಡಲಾರದೆ ಕಿಟಕಿ ನೋಡುತ್ತ ನಿಂತ.

"ಜೀವಮಾನದಲ್ಲಿ ಇವನ ಅಳತೆ ತಪ್ಪಿದ್ದು ಇದೊಂದೇ ಕಡೆ, ಅತ್ತಿಗೆ. ಚಿಲಕ ಯಾರಾದ್ರೂ ಇಷ್ಟು ಕೆಳಗೆ ಹಾಕ್ತಾರಾ? ಮೇಲೆ ಹಾಕೋ ಅಂದೆ. ಕೇಳಲಿಲ್ಲ. ಟೇಪೂ ಹಿಡೀಲಿಲ್ಲ. ತನ್ನ ಭುಜದ ಮೇಲೆ ಅಂಗೈ ಇಟ್ಕೊಂಡು, 'ಇಲ್ಲಿಗೆ ಬರ್ತಾಳೆ' ಅಂದ. ಜ್ವರ ತಲೆಗೇರಿದೆ ಅಂದ್ಕೊಂಡೆ."

ಹೊರಗೆ ವ್ಯಾನ್ ಬಂದು ನಿಂತಿತು. ನಾಲ್ವರು ಮಂಚದ ಬಳಿ ಬಂದರು. ದೇಹ ಬಾಗಿಲು ದಾಟಿದ ಮೇಲೆ ಮೈದುನ ತಿರುಗಿ ನೋಡಿದ.

"ಈಗಲಾದ್ರೂ ಮುಚ್ಚಲಾ ಅತ್ತಿಗೆ?"

"ನಾನೇ ಮುಚ್ತೀನಿ."

ಕಿಟಕಿಯ ಬಾಗಿಲು ಎಳೆದುಕೊಂಡಳು. ಹಳೆಯ ಅಭ್ಯಾಸಕ್ಕೆ ಕಾಲು ಸ್ಟೂಲಿಗಾಗಿ ತಡಕಾಡಿತು. ಹಿಮ್ಮಡಿ ಎತ್ತುವ ಮೊದಲೇ ಚಿಲಕ ಅಂಗೈಗೆ ಸಿಕ್ಕಿತು. ಅದನ್ನು ಹಾಕಲೂ ಇಲ್ಲ, ಬಿಡಲೂ ಇಲ್ಲ; ಹೊರಗೆ ವ್ಯಾನಿನ ಬಾಗಿಲು ಮುಚ್ಚುವವರೆಗೆ ಹಾಗೇ ಹಿಡಿದುಕೊಂಡಿದ್ದಳು.