ತಾನಾಗಿ ನಿಂತ ಮಷೀನು

ಮಷೀನು ಅವಳ ಕೈಯಲ್ಲಿ, ಸ್ವಿಚ್ಚು ಅವನ ಕೈಯಲ್ಲಿ. ಗಂಡ ಹೆಂಡತಿ ಸೇರಿ ಒಂದೇ ಗರಗಸ ಓಡಿಸುವುದನ್ನು ಕಂಡವರು ಮೊದಲ ದಿನ ನಗುತ್ತಿದ್ದರು. ಮರುದಿನ ಪ್ಲೈವುಡ್ಡಿನ ಅಂಚು ಗೆರೆ ಎಳೆದ ಹಾಗೆ ನೇರವಾಗಿ ಬಂದದ್ದನ್ನು ನೋಡಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಹಿಂದೆ ಆ ಕರೆಂಟಿನ ಕೈಗರಗಸ ಹಿಡಿಯುತ್ತಿದ್ದವನು ಅವನೇ. ಮರಗೆಲಸದ ಮೇಸ್ತ್ರಿ ಎಂದರೆ ಸುತ್ತಿನ ನಾಲ್ಕು ಬೀದಿಯ ಅಂಗಡಿಗಳಿಗೆಲ್ಲ ಗೊತ್ತಿದ್ದ ಮನುಷ್ಯ. ಆಮೇಲೆ ಬಲಗೈಯಲ್ಲಿ ನಡುಕ ಕಾಣಿಸಿಕೊಂಡಿತು. ಮೊದಮೊದಲು ಲೋಟ ಎತ್ತಿದಾಗ, ಆಮೇಲೆ ಪೆನ್ಸಿಲ್ ಹಿಡಿದಾಗ, ಕೊನೆಕೊನೆಗೆ ಏನನ್ನೂ ಹಿಡಿಯದೆ ಸುಮ್ಮನೆ ಕೂತಾಗಲೂ. ಡಾಕ್ಟರು ಮಾತ್ರೆ ಬರೆದುಕೊಟ್ಟು, "ತಿರುಗೋ ಬ್ಲೇಡಿನ ಹತ್ರ ಮಾತ್ರ ಹೋಗಬೇಡಿ" ಅಂದರು. ಮೇಸ್ತ್ರಿ ಕೆಲಸ ಬಿಟ್ಟು ಮನೆ ಹಿಡಿದ. ಇಷ್ಟು ವರ್ಷ ಅವನ ಹಿಂದೆ ನಿಂತು ಟೇಪು ಹಿಡಿಯುತ್ತ, ಪಾಲಿಶ್ ಬಳಿಯುತ್ತ ಇದ್ದ ಹೆಂಡತಿ ಒಂದು ಬೆಳಿಗ್ಗೆ ಚೀಲದಿಂದ ಮಷೀನು ತೆಗೆದು, "ಇದನ್ನ ನನಗೆ ಕಲಿಸಿಕೊಡಿ" ಅಂದಳು.

ಕಲಿಸಿದ. ಚೆನ್ನಾಗಿಯೇ ಕಲಿಸಿದ. ಬ್ಲೇಡು ಹಲಗೆಯ ದಪ್ಪಕ್ಕಿಂತ ಒಂದು ಹಲ್ಲಿನಷ್ಟು ಮಾತ್ರ ಕೆಳಗಿಳಿಯಬೇಕು. ಬ್ಲೇಡಿನ ನೇರಕ್ಕೆ ನಿಲ್ಲಬಾರದು, ಪಕ್ಕಕ್ಕೆ ನಿಲ್ಲಬೇಕು. ಹಲಗೆ ಬ್ಲೇಡನ್ನು ಬಿಗಿದರೆ ಮಷೀನು ಹಿಂದಕ್ಕೆ ಹಾರುತ್ತದೆ. ಬ್ಲೇಡನ್ನು ಮರೆಮಾಡುವ ಕೆಳಗಿನ ಗಾರ್ಡು ತಾನಾಗಿ ಮುಚ್ಚಿಕೊಂಡಿತೇ ಅಂತ ನೋಡದೆ ಮಷೀನನ್ನು ಕೆಳಗಿಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಬ್ಲೇಡಿಗೆ ಬೆರಳು ತಾಗಿಸುವ ಮುಂಚೆ ಪ್ಲಗ್ಗು ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಬೇಕು.

"ಸ್ವಿಚ್ಚನ್ನ ನಂಬಬೇಡ, ಪ್ಲಗ್ಗನ್ನ ನಂಬು" ಅಂದಿದ್ದ.

ತೊಡಕಾದದ್ದು ಒಂದೇ ಕಡೆ. ಅವಳು ಎಡಚಿ. ಕೆಲಸದವರೆಲ್ಲ ಅವಳನ್ನು ಕರೆಯುತ್ತಿದ್ದದ್ದೂ ಹಾಗೆಯೇ. ಬರೆಯುವುದು, ಸುತ್ತಿಗೆ ಬೀಸುವುದು, ಸಿಟ್ಟು ಬಂದಾಗ ಬಾಗಿಲು ಬಡಿಯುವುದು, ಎಲ್ಲ ಎಡಗೈ. ಮಷೀನೋ ಬಲಗೈಯವರಿಗಾಗಿ ಮಾಡಿದ್ದು. ಹಿಡಿಯೊಳಗೆ ಬೆರಳಿನಿಂದ ಎಳೆಯುವ ಟ್ರಿಗರ್, ಹಿಡಿಯ ಎಡಮಗ್ಗುಲಿಗೆ ಒಂದು ಪುಟ್ಟ ಗುಂಡಿ. ಆ ಗುಂಡಿಯನ್ನು ಹೆಬ್ಬೆರಳಿನಿಂದ ಅದುಮದೆ ಟ್ರಿಗರ್ ಒಳಕ್ಕೆ ಹೋಗದು. ಎತ್ತುವಾಗ ಇಡುವಾಗ ಬೆರಳು ತಾಕಿ ಮಷೀನು ಓಡಿಬಿಡದಿರಲಿ ಅಂತ ಕಂಪನಿಯವರು ಮಾಡಿದ ಏರ್ಪಾಡು. ಎಡಗೈಯಲ್ಲಿ ಹಿಡಿದರೆ ಹೆಬ್ಬೆರಳು ಬಲಮಗ್ಗುಲಿಗೆ ಬರುತ್ತದೆ, ಗುಂಡಿಗೆ ಎಟುಕುವುದಿಲ್ಲ. ಅವಳು ಎರಡು ದಿನ ಒದ್ದಾಡಿದಳು. ಅವನಿಗೆ ನೋಡಲಾಗಲಿಲ್ಲ. ಮೂರನೇ ದಿನ ವಯರು ಕಟ್ಟುವ ಪ್ಲಾಸ್ಟಿಕ್ ಪಟ್ಟಿಯೊಂದನ್ನು ತಂದು ಗುಂಡಿಯನ್ನೂ ಟ್ರಿಗರನ್ನೂ ಒಟ್ಟಿಗೆ ಬಿಗಿದುಬಿಟ್ಟ.

"ಇನ್ನು ನೀನು ಏನೂ ಒತ್ತೋದು ಬೇಡ. ಮಷೀನು ಹಿಡಿದು ಗೆರೆ ಮೇಲಿಟ್ಟು ತಲೆ ಆಡಿಸು. ನಾನು ಬೋರ್ಡಲ್ಲಿ ಹಾಕ್ತೀನಿ. ಮುಗಿದ ಮೇಲೆ ಮತ್ತೆ ಆಡಿಸು, ತೆಗೀತೀನಿ."

"ನನ್ನ ತಲೆಗೆ ಈಗ ಬೆಲೆ ಬಂತು" ಅಂದಳು ಎಡಚಿ.

ಅಂದಿನಿಂದ ಎಕ್ಸ್‌ಟೆನ್ಶನ್ ಬೋರ್ಡು ಮೇಸ್ತ್ರಿಯ ಕಾಲ ಬಳಿ. ಅವನು ಪುಟ್ಟ ಸ್ಟೂಲಿನ ಮೇಲೆ ಕೂತು ಹೆಬ್ಬೆರಳನ್ನು ಸ್ವಿಚ್ಚಿನ ಮೇಲಿಟ್ಟುಕೊಂಡು ಅವಳ ತಲೆಯನ್ನೇ ನೋಡುತ್ತಿದ್ದ. ವಿಚಿತ್ರವೆಂದರೆ ಸ್ವಿಚ್ಚಿನ ಮೇಲಿಟ್ಟ ಹೆಬ್ಬೆರಳು ನಡುಗುತ್ತಿರಲಿಲ್ಲ. ಮನೆ ಹಿಡಿದಿದ್ದವನು ಮತ್ತೆ ಬೆಳಿಗ್ಗೆ ಬೇಗ ಏಳತೊಡಗಿದ, ಗಡ್ಡ ಬೋಳಿಸಿಕೊಳ್ಳತೊಡಗಿದ. ಪ್ಲಗ್ಗು ಕೀಳುವ ಅಭ್ಯಾಸ ಮಾತ್ರ ಮೆಲ್ಲಗೆ ಬಿಟ್ಟುಹೋಯಿತು. ಮಷೀನು ನಿಂತಿತು ಎಂದರೆ ಅವನು ಸ್ವಿಚ್ಚು ತೆಗೆದಿದ್ದಾನೆ ಎಂದೇ ಅರ್ಥ. ಮತ್ತೆ ಪ್ಲಗ್ಗು ಯಾಕೆ?

ಆ ದಿನ ಅವರಿದ್ದದ್ದು ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ. ನೆಲಮಹಡಿಯ ಕನ್ನಡಕದಂಗಡಿಯವನು ಮೇಲೆ ಹೊಸ ಗೋದಾಮು ಮಾಡುತ್ತಿದ್ದ. ಗೋಡೆಯುದ್ದಕ್ಕೂ ಶೆಲ್ಫು ಬರಬೇಕು. ಕೋಣೆಯಲ್ಲಿ ಸುಣ್ಣದ ವಾಸನೆ, ಕಿಟಕಿಗೆ ಇನ್ನೂ ಕಾಗದ ಅಂಟಿಸಿದ ಗಾಜು. ಎರಡು ಮರದ ಸ್ಟೂಲುಗಳ ಮೇಲೆ ಪ್ಲೈವುಡ್ ಹಾಸಿತ್ತು. ಎಡಚಿ ಕಣ್ಣಿಗೆ ಧೂಳು ತಡೆಯುವ ಕನ್ನಡಕ ಏರಿಸಿಕೊಂಡು ತಲೆ ಆಡಿಸಿದಳು. ಅವನು ಸ್ವಿಚ್ಚು ಒತ್ತಿದ. ಮಷೀನು ಕಿರುಚಿಕೊಂಡು ಗೆರೆ ಹಿಡಿದು ಹೊರಟಿತು.

ಮುಕ್ಕಾಲು ಹಾದಿಯಲ್ಲಿ ಸದ್ದು ಇಳಿಯಿತು. ಇಳಿಯುತ್ತ ಇಳಿಯುತ್ತ ನಿಂತೇಹೋಯಿತು. ತಲೆಯ ಮೇಲಿನ ಬಲ್ಬೂ ಆರಿತ್ತು.

"ಹೋಯ್ತಾ?" ಅಂದಳು.

"ಹೋಯ್ತು. ಇರು, ಜನರೇಟರ್ ಇದೆ ಅಂದಿದ್ರು. ಎಷ್ಟೊತ್ತು ಅಂತ ಕೇಳ್ಕೊಂಡು ಬರ್ತೀನಿ."

"ಹಂಗೇ ಎರಡು ಟೀ ಹೇಳಿ ಬನ್ನಿ. ಅಷ್ಟರಲ್ಲಿ ಇದರ ಬಾಯೊಳಗೆ ಏನೋ ಸಿಕ್ಕೊಂಡಿದೆ, ತೆಗೀತೀನಿ. ಗಾರ್ಡು ಮುಚ್ಚುತ್ತಾ ಇಲ್ಲ."

"ಹೂಂ, ತೆಗಿ" ಎಂದು ಅವನು ಮೆಟ್ಟಿಲಿಳಿದ.

ಕೆಳಗೆ ಮೆಟ್ಟಿಲ ಬುಡದ ಕತ್ತಲೆ ಕೋಣೆಯಲ್ಲಿ ಜನರೇಟರಿನವನು ಬಗ್ಗಿಕೊಂಡು ಎಣ್ಣೆ ನೋಡುತ್ತಿದ್ದ. ಕನ್ನಡಕದಂಗಡಿಯವನು ಬಾಗಿಲಲ್ಲಿ ನಿಂತು ಅವನ ಜೀವ ತಿನ್ನುತ್ತಿದ್ದ.

"ಒಳಗೆ ಗಿರಾಕಿ ಕಣ್ಣು ಬಿಟ್ಕೊಂಡು ಕೂತಿದ್ದಾರೆ. ಅಕ್ಷರ ಕಾಣ್ತಿಲ್ಲ ಅಂತಿದ್ದಾರೆ. ಕಣ್ಣಿಂದೋ ಕರೆಂಟಿಂದೋ ಅಂತ ನಾನು ಹೆಂಗೆ ಹೇಳಲಿ?"

"ಕಣ್ಣಿಂದೇ ಅಂತ ಹೇಳಿ ಕನ್ನಡಕ ಮಾರಿಬಿಡಿ ಸಾರ್" ಎಂದ ಜನರೇಟರಿನವನು ತಲೆ ಎತ್ತದೆ. ಆಮೇಲೆ ಮೇಸ್ತ್ರಿಯನ್ನು ಕಂಡು, "ಓ, ಸ್ವಿಚ್ ಮೇಸ್ತ್ರಿ ಬಂದ್ರು!" ಅಂದ.

ಕನ್ನಡಕದಂಗಡಿಯವನು ನಕ್ಕ. ಮೇಸ್ತ್ರಿಯೂ ನಕ್ಕ. ನಗುವಾಗ ಬಲಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ.

"ಎಷ್ಟೊತ್ತಾಗುತ್ತೆ?"

"ಈಗಲೇ ಕೊಡ್ತೀನಿ. ಮೇಲೆ ಎಲ್ಲ ಆಫ್ ಮಾಡಿದ್ದೀರಿ ತಾನೆ? ಹೋದ ಸಲ ಎರಡನೇ ಮಹಡಿಯವರು ಎಲ್ಲ ಹಾಕಿಟ್ಟು ಹೋಗಿ, ಕೊಟ್ಟ ಕೂಡಲೇ ಇದು ಉಸಿರುಕಟ್ಟಿ ನಿಂತುಬಿಡ್ತು."

"ಹೂಂ, ಹೂಂ. ಆಫ್ ಆಗಿದೆ."

ಜನರೇಟರು ಕೆಮ್ಮಿ, ಗುಡುಗಿ, ಹತ್ತಿಕೊಂಡಿತು. ಗೋಡೆಯ ಮೇಲೆ ಕಬ್ಬಿಣದ ಪೆಟ್ಟಿಗೆ, ಅದರ ಪಕ್ಕದಲ್ಲೊಂದು ಉದ್ದನೆಯ ಹಿಡಿ. ಅದನ್ನು ಕೆಳಕ್ಕೆಳೆದರೆ ಎಲ್ಲ ಮಹಡಿಗಳಿಗೂ ಕರೆಂಟು. ಜನರೇಟರಿನವನು ಕೈಯ ಎಣ್ಣೆ ಒರೆಸಿಕೊಂಡು ಆ ಕಡೆ ಹೊರಟ.

ಮೇಸ್ತ್ರಿಯ ಹೆಬ್ಬೆರಳು ಜೇಬಿನೊಳಗೆ ಬಟ್ಟೆಯನ್ನು ಸವರುತ್ತಿತ್ತು. ಏನೋ ಒಂದು ತಪ್ಪಿಹೋಗಿದೆ ಅನ್ನಿಸಿತು. ದಿನಕ್ಕೆ ನೂರು ಸಲ ಅವನ ಹೆಬ್ಬೆರಳಿಗೆ ಒಂದು ಟಕ್ ತಗಲುತ್ತಿತ್ತು, ಅದಾದ ಮೇಲೆ ಸದ್ದು ಇಳಿಯುತ್ತಿತ್ತು. ಇವತ್ತು ಸದ್ದು ಮೊದಲೇ ಇಳಿಯಿತು. ಟಕ್ ಆಯಿತೇ? ಅವಳು ತಲೆ ಆಡಿಸಿರಲಿಲ್ಲ. ತಲೆ ಆಡಿಸದೆ ತಾನು ಸ್ವಿಚ್ಚು ತೆಗೆದದ್ದು ಇದುವರೆಗೆ ಒಂದು ಸಲವೂ ಇಲ್ಲ.

ತೆಗೆದಿಲ್ಲ.

ಮೇಲೆ ಅವಳು ಬ್ಲೇಡಿನ ಬಾಯೊಳಗೆ ಬೆರಳಿಟ್ಟುಕೊಂಡು ಕೂತಿದ್ದಾಳೆ. ತೆಗಿ ಎಂದು ಹೇಳಿ ಬಂದವನು ತಾನೇ.

"ತಡಿ!" ಎಂದು ಕೂಗಿದ. ಜನರೇಟರಿನ ಗುಡುಗಿನಲ್ಲಿ ಅದು ಅವನಿಗೇ ಕೇಳಿಸಲಿಲ್ಲ. ಹಿಡಿಯ ಮೇಲೆ ಕೈಯಿಟ್ಟಿದ್ದವನ ತೋಳನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದ.

"ಏನ್ ಮೇಸ್ತ್ರಿ ಇದು! ಕರೆಂಟಿನ ಹತ್ರ ಕೈ ಎಳೀತಾರಾ?"

"ಆಫ್ ಆಗಿಲ್ಲ. ಮೇಲೆ ಆಫ್ ಆಗಿಲ್ಲ."

"ಈಗ ತಾನೇ ಆಗಿದೆ ಅಂದ್ರಲ್ಲ!"

"ಅಂದೆ. ಆಗಿಲ್ಲ. ನಾನು ಬಂದು ಹೇಳೋವರೆಗೆ ಕೊಡಬೇಡ. ನಿನ್ನ ಕಾಲಿಗೆ ಬೀಳ್ತೀನಿ, ಕೊಡಬೇಡ."

ಅವನ ಮುಖ ನೋಡಿ ಜನರೇಟರಿನವನು ಹಿಡಿಯಿಂದ ಕೈ ತೆಗೆದ. ಕನ್ನಡಕದಂಗಡಿಯವನು ಬಾಗಿಲು ಬಿಟ್ಟು ದಾರಿ ಕೊಟ್ಟ.

ಮೇಸ್ತ್ರಿ ಮೆಟ್ಟಿಲು ಹತ್ತಿದ. ಓಡುವ ವಯಸ್ಸಲ್ಲ, ಆದರೂ ಓಡಿದ. ಅರ್ಧ ಹತ್ತಿದಾಗ ಇನ್ನೊಂದು ಹೊಳೆಯಿತು: ಕೆಳಗಿನವನ ಕೈಯನ್ನೇನೋ ತಡೆದಾಯಿತು, ಹೋದ ಕರೆಂಟೇ ವಾಪಸು ಬಂದರೆ? ಅದನ್ನು ಕಳಿಸುವವನು ಎಲ್ಲಿದ್ದಾನೋ, ಯಾರೋ. ಅವನ ಕಾಲು ಹಿಡಿಯಲು ಹೋಗುವುದು ಎಲ್ಲಿಗೆ? ಅವಳ ಹೆಸರು ಹಿಡಿದು ಕೂಗಿದ. ಮುಚ್ಚಿದ ಬಾಗಿಲು, ಕೆಳಗೆ ಗುಡುಗು; ಕೇಳಿಸಿರಲಾರದು.

ಎರಡನೇ ಮಹಡಿಯ ತಿರುವಿನಲ್ಲಿ ಕಾಲಿಡುವಾಗ ಮೆಟ್ಟಿಲ ಬಲ್ಬು ಹೊತ್ತಿಕೊಂಡಿತು.

ಅದೇ ಗಳಿಗೆಗೆ ಮೇಲೆ ಮಷೀನು ಕಿರುಚಿತು.

ಮೇಸ್ತ್ರಿಗೆ ಕಿವಿಯೇ ಕಣ್ಣು. ಮರ ಕೊಯ್ಯುವಾಗಿನ ಸದ್ದು ಬೇರೆ, ಬರೀ ಗಾಳಿಯಲ್ಲಿ ತಿರುಗುವ ಸದ್ದು ಬೇರೆ. ಮೊದಲು ಗಾಳಿಯಲ್ಲಿ ತಿರುಗಿತು. ಆಮೇಲೆ ಧಡ್ ಎಂದು ಬಿತ್ತು. ಬಿದ್ದ ಮೇಲೂ ನಿಲ್ಲದೆ ಏನನ್ನೋ ಕಚ್ಚಿಕೊಂಡು ಗರಗರ ಎಂದಿತು. ಏನನ್ನು ಎಂದು ಕಿವಿಗೆ ತಿಳಿಯಲಿಲ್ಲ. ಟಪ್ ಎಂಬ ಒಂದು ಸದ್ದು. ಮಷೀನೂ ನಿಂತಿತು, ಮೂರನೇ ಮಹಡಿಯ ದೀಪವೂ ಆರಿತು.

ಆಮೇಲೆ ಮೇಲಿನಿಂದ ಏನೂ ಕೇಳಿಸಲಿಲ್ಲ. ಉಳಿದ ಮೆಟ್ಟಿಲುಗಳನ್ನು ಅವನು ಆ ನಿಶ್ಶಬ್ದದಲ್ಲೇ ಹತ್ತಿದ.

ಬಾಗಿಲು ತಳ್ಳಿದ. ಮಷೀನು ನೆಲದ ಮೇಲೆ ಬೋರಲು ಬಿದ್ದಿತ್ತು. ಅರೆ ತೆರೆದ ಗಾರ್ಡಿನೊಳಗಿಂದ ಬ್ಲೇಡು ನೆಲಕ್ಕೆ ಹಲ್ಲೂರಿ, ಹೊಸ ನೆಲಹಾಸಿನ ಮೇಲೆ ಮೊಳದುದ್ದ ಗೀರಿಕೊಂಡು ತೆವಳಿ, ಕೊನೆಗೆ ತನ್ನದೇ ವಯರನ್ನು ಕಚ್ಚಿ ತುಂಡರಿಸಿತ್ತು. ಸುಟ್ಟ ರಬ್ಬರಿನ ವಾಸನೆ. ಎಡಚಿ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಎಡಗೈಯನ್ನು ಮುಷ್ಟಿ ಮಾಡಿ ಬಲಗೈಯಿಂದ ಮುಚ್ಚಿ ಹೊಟ್ಟೆಗೆ ಒತ್ತಿಕೊಂಡಿದ್ದಳು.

ಅವನು ಮೊದಲು ಪ್ಲಗ್ಗು ಕಿತ್ತ. ಆಮೇಲೆ ಅವಳೆದುರು ಬಂದ.

"ಕೈ ತೋರ್ಸು."

ಅವಳು ಮುಷ್ಟಿಯನ್ನು ಇನ್ನಷ್ಟು ಒತ್ತಿಕೊಂಡಳು.

"ಏ, ಕೈ ತೋರ್ಸೇ."

"ಬೆರಳು ಬಿಚ್ಚೋಕೆ ಆಗ್ತಿಲ್ಲ" ಅಂದಳು. ಒಂದೊಂದಾಗಿ ಅವನೇ ಬಿಚ್ಚಿದ. ಕಿರುಬೆರಳು, ಉಂಗುರಬೆರಳು, ನಡುಬೆರಳು, ತೋರುಬೆರಳು. ಎಲ್ಲವೂ ಇದ್ದವು. ಅಂಗೈಯೊಳಗೆ ಪ್ಲೈವುಡ್ಡಿನ ಒಂದು ಸೀಳು ಬೆವರಿಗೆ ಅಂಟಿಕೊಂಡಿತ್ತು.

"ಇದು ಬಂತು. ಒಳಗೆ ಇನ್ನೊಂದಿತ್ತು, ಬರಲಿಲ್ಲ. ಸ್ಕ್ರೂಡ್ರೈವರ್ ತಗೊಳ್ಳೋಣ ಅಂತ ತಿರುಗಿದೆ. ತಿರುಗಿದೆ, ಅಷ್ಟೆ." ಆಮೇಲೆ ಅಂದಳು: "ನೀವು ತೆಗೆದಿದ್ದೀರಿ ಅಂದ್ಕೊಂಡೆ."

"ನಾನೂ ಹಂಗೇ ಅಂದ್ಕೊಂಡೆ."

ಅಷ್ಟು ಹೊತ್ತಿಗೆ ಜನರೇಟರಿನವನು "ನಾನು ಕೊಡಲಿಲ್ಲ, ಹೋಗಿದ್ದ ಕರೆಂಟೇ ಬಂತು" ಎಂದು ಏದುಸಿರು ಬಿಡುತ್ತ ಬಂದ. ಇಬ್ಬರ ಕೈಗಳನ್ನೂ ನೋಡಿದ, ಉಸಿರು ಬಿಟ್ಟ. ಮಷೀನು ಎತ್ತಿ ತಿರುಗಿಸಿ ನೋಡಿದವನ ಕಣ್ಣು ಹಿಡಿಯ ಮೇಲೆ ನಿಂತಿತು.

"ಇದನ್ನ ಕಟ್ಟಿದ ಮಹಾನುಭಾವ ಯಾರು?"

"ನಾನೇ" ಅಂದಳು ಎಡಚಿ.

ಅವನು ಮೇಸ್ತ್ರಿಯ ಮುಖ ನೋಡಿ ಮಷೀನು ಕೆಳಗಿಟ್ಟ. "ನಾಳೆ ಹೊಸ ವಯರು ಹಾಕಿಕೊಡ್ತೀನಿ" ಎಂದು ಇಳಿದುಹೋದ.

ಎಡಚಿ ಇಕ್ಕಳ ತೆಗೆದುಕೊಂಡು ಪ್ಲಾಸ್ಟಿಕ್ ಪಟ್ಟಿಯನ್ನು ಕತ್ತರಿಸಿದಳು. ಗುಂಡಿ ಹೊರಕ್ಕೆ ನೆಗೆಯಿತು. ವಯರು ತುಂಡಾದ ಮಷೀನನ್ನು ಎಡಗೈಯಲ್ಲಿ ಹಿಡಿದು, ತೋರುಬೆರಳಿನ ಬುಡದಿಂದ ಗುಂಡಿಯನ್ನು ಒತ್ತಿ, ಉಳಿದ ಬೆರಳಿನಿಂದ ಟ್ರಿಗರ್ ಎಳೆದಳು. ಬಿಟ್ಟಳು. ಮತ್ತೆ ಒತ್ತಿದಳು. ಸಲೀಸಾಗಿ ಬಂತು. ಹೊಸದಾಗಿ ಕಲಿಯುವವರ ಕೈಯಲ್ಲ ಅದು.

"ನಿನಗೆ ಬರ್ತಿತ್ತಾ?" ಅಂದ ಮೇಸ್ತ್ರಿ.

"ನೀವು ಕಟ್ಟೋ ಹಿಂದಿನ ಸಂಜೆಯೇ ಬಂತು."

"ಮತ್ತೆ ಹೇಳ್ಲಿಲ್ಲ ಯಾಕೆ?"

ಅವಳು ಮಷೀನು ಕೆಳಗಿಟ್ಟಳು. "ಬೆಳಿಗ್ಗೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀವು ಕಟ್ಟಿ ಮುಗಿಸಿದ್ರಿ. ಬೋರ್ಡು ಕಾಲ ಹತ್ರ ಎಳ್ಕೊಂಡು ಸ್ಟೂಲ್ ಹಾಕ್ಕೊಂಡು ಕೂತ್ರಲ್ಲ, ಆಗ ನಿಮ್ಮ ಮುಖ ನೋಡ್ದೆ. ಮನೆ ಹಿಡಿದ ಮೇಲೆ ನಿಮಗೆ ಆ ಮುಖ ಇರಲಿಲ್ಲ. ನನಗೆ ಆ ಪಟ್ಟಿ ಬೇಕಿರಲಿಲ್ಲ ರೀ. ನಿಮಗೆ ಸ್ವಿಚ್ಚು ಬೇಕಿತ್ತು."

ಮೇಸ್ತ್ರಿ ಬಗ್ಗಿ ಪಟ್ಟಿಯ ತುಂಡನ್ನು ನೆಲದಿಂದ ಎತ್ತಿಕೊಂಡ.

"ಇನ್ಮೇಲೆ ಬೋರ್ಡು ನನ್ನ ಹತ್ರ ಇರುತ್ತೆ" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಜಗಳವಾಡಬಹುದಿತ್ತು.

ಮಾರನೆಯ ದಿನ ಹೊಸ ವಯರು ಬಂತು. ಎಡಚಿ ಪ್ಲಗ್ಗು ತಾನೇ ಹಾಕಿದಳು, ಕಣ್ಣಿಗೆ ಕನ್ನಡಕ ಏರಿಸಿದಳು, ಗೆರೆಯ ಮೇಲೆ ಮಷೀನಿಟ್ಟಳು. ಅವಳ ತಲೆ ಆಡಲಿಲ್ಲ. ಮೇಸ್ತ್ರಿ ಸ್ವಲ್ಪ ಹೊತ್ತು ಗೋಡೆ ಬದಿಗೆ ನಿಂತು ನೋಡಿದ. ಆಮೇಲೆ ಟೀ ತರುತ್ತೇನೆಂದು ಹೊರಬಂದು, ಕೆಳಗಿಳಿಯದೆ ಮೆಟ್ಟಿಲ ಮೇಲೆಯೇ ಕೂತುಬಿಟ್ಟ.

ಒಳಗೆ ಮಷೀನು ಓಡಿತು. ಅದು ಓಡುವಷ್ಟು ಹೊತ್ತು ಅವನಿಗೆ ಭಯವಿರಲಿಲ್ಲ. ಸದ್ದು ನೇರವಾಗಿತ್ತು, ಕೈ ಗಟ್ಟಿಯಾಗಿತ್ತು. ಹಲಗೆಯ ತುದಿ ಬಂದು ಸದ್ದು ಇಳಿದು ನಿಂತಿತು. ಅವಳು ಈಗ ಪ್ಲಗ್ಗು ಕಿತ್ತಳೋ ಇಲ್ಲವೋ, ಕೈ ಎಲ್ಲಿಟ್ಟಿದ್ದಾಳೋ, ಮುಚ್ಚಿದ ಬಾಗಿಲ ಈಚೆ ಕೂತವನಿಗೆ ತಿಳಿಯುವ ದಾರಿಯಿರಲಿಲ್ಲ. ಎರಡೂ ಕೈಗಳನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ಮತ್ತೆ ಮಷೀನಿನ ಆ ಕಿರುಚು ಕೇಳುವವರೆಗೆ ಅವನು ಉಸಿರು ಬಿಡಲಿಲ್ಲ.