ರಾಶಿ ಅಳೆಯುವ ಹೊತ್ತು

"ಏ ತಿಮ್ಮೀ, ನಿನ್ ಕೂಸಿನ ಬಾಯಿ ಮುಚ್ಚುಸ್ತೀಯೋ, ಇಲ್ಲಾ ಕಣದಾಚೆ ಬಿಸಾಕ್ಲೋ? ಥೂ, ಅಪಶಕುನದ ಮುಂಡೇವು!"

ಪಟೇಲ ಸದಾಶಿವಪ್ಪ ಭತ್ತದ ರಾಶಿಯ ಪಕ್ಕ ನಿಂತು ಗದರಿದ. ರಾಶಿಗೆ ಪೂಜೆಯಾಗಿ, ಸುತ್ತ ಬೂದಿಯ ಗೆರೆ ಎಳೆದಾಗಿತ್ತು. ಅಳತೆ ಶುರುವಾದರೆ ಮುಗಿಯುವವರೆಗೆ ಕಣದಲ್ಲಿ ಎಣಿಸುವವನ ಹೊರತು ಯಾರೂ ತುಟಿ ಬಿಚ್ಚಬಾರದು. ಸದ್ದಾದರೆ ರಾಶಿಯ ಹುಲುಸು ಹಾರಿಹೋಗುತ್ತದಂತೆ. ಕನ್ನಡನಾಡೆಲ್ಲ ಸೇರಿ ಮೈಸೂರು ರಾಜ್ಯ ದೊಡ್ಡದಾಗಿ ಎರಡು ವರ್ಷವಾಗಿದ್ದರೂ ಪಟೇಲನ ಕಣದ ಕಾನೂನು ಇದೇ. ದೊಡ್ಡವರೇನೋ ಬಾಯಿ ಬಿಗಿಹಿಡಿದಾರು. ಐದು ವರ್ಷದ ಗುತ್ಯಮ್ಮನ ಕೆಮ್ಮಿಗೆ ಆ ಶಾಸ್ತ್ರ ಹೇಳಿಕೊಡುವವರು ಯಾರು?

ಗೆರೆಯಾಚೆ, ಹುಲ್ಲಿನ ಮೆದೆಯ ಬುಡದಲ್ಲಿ ತಿಮ್ಮಿ ಮಗಳನ್ನು ಅವುಚಿಕೊಂಡು ಕೂತಿದ್ದಳು. ಹದಿನೈದು ದಿನ ಅವಳೇ ತೂರಿದ ಭತ್ತ ಅದು. ಅದರ ಧೂಳೆಲ್ಲ ಕೂಸಿನ ಎದೆಗಿಳಿದಿತ್ತು. ಉಸಿರೆಳೆದಾಗಲೆಲ್ಲ ಪಕ್ಕೆ ಒಳಗೆ ಸೇದಿ, ಕೊರಳ ಬುಡದಲ್ಲಿ ಕುಳಿ ಬೀಳುತ್ತಿತ್ತು.

ಆನವಟ್ಟಿಯ ಡಾಕ್ಟರು ನೋಡಿ ಹೇಳಿದ್ದರು: "ಇದು ನನ್ನ ಕೈಮೀರಿದ್ದು ಕಣಮ್ಮ. ಬೆಂಗಳೂರಲ್ಲಿ ಮಕ್ಕಳ ಉಸಿರಿನ ಕಾಯಿಲೆ ಒಂದನ್ನೇ ನೋಡೋ ಡಾಕ್ಟ್ರು ಇದ್ದಾರೆ. ಕೊಳವೇಲಿ ಗಾಳಿ ಕೊಡ್ತಾರೆ. ಬಡವರು ಅಂತ ನಿಮ್ಮ ಪಟೇಲ್ರು ಈ ಕಾಗದಕ್ಕೆ ರುಜು ಹಾಕಿದ್ರೆ ಹಾಸಿಗೆ ಪುಕ್ಕಟೆ. ತಡ ಮಾಡಬೇಡ."

ಲೋಕಕ್ಕೆಲ್ಲ ಬಿಟ್ಟಿಯಾಗಿ ಬೀಸುವ ಗಾಳಿಯನ್ನು ಕೊಳವೆಯಲ್ಲಿ ಕೊಡುತ್ತಾರೆ ಎಂಬುದಕ್ಕೆ ತಿಮ್ಮಿ ದಾರಿಯುದ್ದಕ್ಕೂ ಬೆರಗಾಗಿದ್ದಳು. ಕೂಸು ಉಳಿದೀತು ಎಂಬ ಆಸೆ ಅಂದೇ ಹುಟ್ಟಿದ್ದು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಮೂರು ದಿನದಿಂದ ಆ ಕಾಗದ ಪಟೇಲನ ಜೇಬಿನಲ್ಲೇ ಇತ್ತು.

"ಒಡೆಯಾ, ಒಂದ್ ಗೀಟು ಎಳ್ದ್‌ಬಿಡಿ. ಮಧ್ಯಾಹ್ನದ ಬಸ್ಸಿಗೆ ಹೋತೀವಿ. ಕಾಲಿಗ್ ಬೀಳ್ತೀನಿ" ಎಂದು ತಿಮ್ಮಿಯ ಗಂಡ ಕರಿಯಣ್ಣ ನೆಲಕ್ಕೆ ಹಣೆ ಹಚ್ಚಿದ.

"ರಾಶಿ ಮನೆ ಸೇರೋತನ್ಕ ಕಣದಿಂದ ಒಂದ್ ಗರಿಕೆನೂ ಆಚೆ ಕೊಡಬಾರ್ದು, ಗೊತ್ತಿಲ್ವೇನೋ ಬೋಳಿಮಗನೆ? ರುಜುನೂ ಕೊಡೋದೇ ತಾನೆ? ಅಳ್ತೆ ಮುಗೀಲಿ, ಹಾಕ್ತೀನಿ. ನಡುವೆ ಕೆಮ್ಮು ಕೇಳಿಸ್ತೋ, ಕಾಗ್ದ ಒಲೆಗೆ!"

ಪಟೇಲನ ತಮ್ಮ ಮೊದಲ ಕೊಳಗ ತುಂಬಿ, ವಾಡಿಕೆಯಂತೆ ಒಂದು ಎನ್ನದೆ "ಲಾಭ" ಎಂದ.

ಗುತ್ಯಮ್ಮ ಕೆಮ್ಮಲು ಬಾಯಿ ತೆರೆದಳು. ತಿಮ್ಮಿ ಸೆರಗನ್ನು ಉಂಡೆ ಮಾಡಿ ಬಾಯಿಗಿಟ್ಟು, ಕೂಸಿನ ಮುಖವನ್ನು ಎದೆಗೆ ಒತ್ತಿಕೊಂಡಳು. "ತಡ್ಕಳೇ ನನ್ನವ್ವ, ಇನ್ನೇನ್ ಬಸ್ ಹತ್ತೋಣಂತೆ" ಎಂದು ಕಿವಿಯಲ್ಲಿ ಉಸುರಿದಳು. ಕೂಸು ಒದ್ದಾಡಿತು, ತೋಳು ಪರಚಿತು. ಅವಳು ಇನ್ನಷ್ಟು ಬಿಗಿಹಿಡಿದಳು. ಕೊಳಗದ ಮೇಲೆ ಕೊಳಗ ಬಿತ್ತು. ಆಮೇಲೆ ಒದ್ದಾಟ ನಿಂತಿತು, ಕೆಮ್ಮೂ ನಿಂತಿತು. ನಿದ್ದೆ ಹತ್ತಿತೆಂದುಕೊಂಡಳು ಬಡಪಾಯಿ. ಎಷ್ಟೋ ದಿನದ ಮೇಲೆ ಹಾಯಾಗಿ ಮಲಗಿದೆಯಲ್ಲ ಎಂದು ಸಂತೋಷವೇ ಆಯಿತು. ಗಂಡನ ಕಡೆ ನೋಡಿ ನಕ್ಕಳು ಕೂಡ.

ಸೆರಗು ಸರಿಸಿದಾಗ ಗುತ್ಯಮ್ಮನ ತುಟಿ ನೇರಳೆಹಣ್ಣು ತಿಂದಂತೆ ಕಪ್ಪಾಗಿತ್ತು. ತಿಮ್ಮಿ ಮೂಗಿಗೆ ಕೆನ್ನೆ ಇಟ್ಟಳು, ಬಾಯಿಗೆ ಊದಿದಳು, ಅಂಗಾಲು ತಿಕ್ಕಿದಳು. ಏನೂ ಇಲ್ಲ. ಅಳತೆ ಇನ್ನೂ ನಡೆದೇ ಇತ್ತು.

ಮಗಳನ್ನು ಎತ್ತಿಕೊಂಡು ಎದ್ದಳು. ಬೂದಿಯ ಗೆರೆ ದಾಟಿದಳು. ತಿಮ್ಮಿಯ ಕೇರಿಯವರು ಪೂಜೆಯಾದ ರಾಶಿಯನ್ನು ಮುಟ್ಟಿದ್ದೇ ಆ ಊರಲ್ಲಿ ಇರಲಿಲ್ಲ. ಇವಳು ಮೊಣಕಾಲುದ್ದ ಹೂತುಕೊಂಡೇ ಹತ್ತಿ, ರಾಶಿಯ ತುದಿಯಲ್ಲಿ ಕೂಸನ್ನು ಮಲಗಿಸಿದಳು.

"ಇಳಿಯೇ ಲೌಡಿ! ರಾಶಿ ಮೈಲಿಗೆ ಆತಲ್ಲೇ!" ಪಟೇಲ ಕಿರುಚಿದ. ಗಡಬಡಿಸಿ ಕಾಗದ ಹೊರತೆಗೆದ. "ತಗಾ, ಈಗ್ಲೇ ರುಜು ಹಾಕ್ತೀನಿ. ಮೊದ್ಲು ಇಳಿ!"

"ನಿನ್ ರುಜು ನಿನ್ ಹೆಣದ್ ಮೇಲ್ ಹಾಕ್ಕ! ಕೂಸಿನ್ ಉಸ್ರು ನಾನೇ ಕಟ್ದೆ ಕಣೋ, ನಿನ್ ರಾಶಿಗೋಸ್ಕರ ನಾನೇ ಕಟ್ದೆ! ಅಳಿ ಈಗ. ಕೂಸನ್ನೂ ಸೇರ್ಸಿ ಅಳಿ!"

ಪಟೇಲನ ತಮ್ಮ ಕೊಳಗ ಹಿಡಿದುಕೊಂಡೇ ಹಿಂದೆ ಸರಿದ. ಕರಿಯಣ್ಣ ತಲೆವಸ್ತ್ರ ಬಿಚ್ಚಿ ಗೆರೆ ದಾಟಿ ಬಂದ. ಹೆಂಡತಿಯ ಪಕ್ಕ ರಾಶಿಯ ಮೇಲೆ ಕೂತು, ಎರಡೂ ಕೈಯಲ್ಲಿ ಭತ್ತ ಮೊಗೆದು, ಮಣ್ಣು ಕೊಡುವ ಹಾಗೆ ಮಗಳ ಮೇಲೆ ಸುರಿಯತೊಡಗಿದ.