ಮಾಲೆ ಇಳಿಸುವವರೆಗೆ

ಯಲಬುರ್ಗಾದ ಅಂಗನವಾಡಿಯಲ್ಲಿ ವಿರೂಪಾಕ್ಷಮ್ಮ ಒಮ್ಮೆ ಗದರಿದರೆ ಮಕ್ಕಳಿರಲಿ, ಮಕ್ಕಳ ಅಪ್ಪಂದಿರೂ ಗಪ್‌ಚಿಪ್. ಆ ಬಾಯಿ ಕಟ್ಟುತ್ತಿದ್ದುದು ತಮ್ಮ ಗಾಳೇಶನ ಮುಂದೆ ಮಾತ್ರ. ತಾಯಿಯಿಲ್ಲದ ಅವನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಅವಳೇ.

ಅವಳಿಗೆ ರಕ್ತದ ಕ್ಯಾನ್ಸರ್. ಬೆಂಗಳೂರಿನಲ್ಲಿ ಕಿಮೋ ಮುಗಿದಾಗ ಡಾಕ್ಟರು ಬಿಡಿಸಿ ಹೇಳಿದ್ದರು: "ರೋಗ ಈಗ ಅಡಗಿದೆಯಮ್ಮ, ಹೋಗಿಲ್ಲ. ಮತ್ತೆ ತಲೆ ಎತ್ತುವುದರೊಳಗೆ ಸ್ಟೆಮ್ ಸೆಲ್ ಕಸಿ ಮಾಡಬೇಕು. ತಮ್ಮನ ರಕ್ತದಿಂದ ತೆಗೆದದ್ದು ನಿಮಗೆ ಹೊಂದುತ್ತದೆ. ಈ ತಿಂಗಳೇ ಕರೆತನ್ನಿ."

ಈ ತಿಂಗಳೇ ಬಾ ಎಂದು ತಮ್ಮನಿಗೆ ಹೇಳಲು ಅವಳು ಕಾಯುತ್ತಿದ್ದರೆ, ಗಂಗಾವತಿಯಲ್ಲಿ ಗದ್ದೆ ಮಾಡಿಕೊಂಡಿದ್ದ ಗಾಳೇಶ ಕೇಸರಿ ಪಂಚೆ ಉಟ್ಟು, ಕೊರಳಿಗೆ ಹನುಮಮಾಲೆ ಹಾಕಿಕೊಂಡು ಬಂದು ನಿಂತ.

"ನಿನ್ನ ಸಲುವಾಗಿ ಹಾಕೇನಕ್ಕ. ನಲವತ್ತೊಂದ ದಿನದ ಮಂಡಲ ಮುಗಿಯೂತನಕ ಮೈಯಾಗಿಂದ ರಕ್ತ ತೆಗಸಬಾರದಂತ, ಗುರುಸ್ವಾಮಿ ಹೇಳ್ಯಾರ. ಅಂಜನಾದ್ರ್ಯಾಗ ಮಾಲಿ ಇಳಿಸಿದ್ನೆಂದ್ರ ಸೀದಾ ದವಾಖಾನಿಗೆ ಬರ್ತೀನಿ."

ತೆಗೆಯೋ ಅದನ್ನ ಎಂದು ಗದರಿದ್ದರೆ ಕೇಳುತ್ತಿದ್ದ. ಆದರೆ ಹತ್ತು ವರ್ಷ ಬೇಡಿಕೊಂಡರೂ ಗುಟ್ಕಾ ಬಿಡದ ಮಹಾನುಭಾವ, ಅವಳಿಗೋಸ್ಕರ ಬಿಟ್ಟು, ಬರಿಗಾಲಲ್ಲಿ ನಿಂತಿದ್ದ. 

"ಆಗಲಿ ಸ್ವಾಮಿ," ಎಂದಳು. ಮಾಲೆ ಹಾಕಿದವನನ್ನು ಅಕ್ಕನೂ ಹಾಗೇ ಕರೆಯಬೇಕು.

ಡಾಕ್ಟರಿಗೆ ತಮ್ಮನ ಭತ್ತದ ಕೊಯ್ಲು ಎಂದು ಸುಳ್ಳು ಹೇಳಿದಳು. ಅವರು ಫೋನಿನಲ್ಲೇ ಸಿಟ್ಟಾದರು. ಆಮೇಲೆ ಶುರುವಾಯಿತು ಕಾಯುವುದು. ನೆಗಡಿ ತಗುಲಬಾರದೆಂದು ಅಂಗನವಾಡಿಗೆ ಹೋಗುವಂತಿರಲಿಲ್ಲ. ಮಕ್ಕಳು ಓಣಿಯಿಂದಲೇ "ಟೀಚರ್" ಎಂದು ಕೂಗಿ ಓಡುತ್ತಿದ್ದವು. ಪಕ್ಕದ ಮನೆಯವರು ಬಿಸಿ ರೊಟ್ಟಿ ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದರು. ಮಾಸ್ಕ್ ಕಟ್ಟಿಕೊಂಡು ಒಬ್ಬಳೇ ಕೂತ ಅವಳಿಗೆ ಮೈ ಸ್ವಲ್ಪ ಬೆಚ್ಚಗಾದರೂ ರೋಗ ಮರಳಿತೇ ಎಂದು ಭಯವಾಗುತ್ತಿತ್ತು. ಆ ಭಯವನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಹೇಳಿದರೆ ತಮ್ಮನ ಕಿವಿಗೆ ಬೀಳುತ್ತದೆ.

ಗಾಳೇಶ ಅಂಜನಾದ್ರಿ ಬೆಟ್ಟ ಹತ್ತುವ ಹಿಂದಿನ ದಿನ ಡಾಕ್ಟರ ಫೋನು ಬಂತು. ಕೊಪ್ಪಳದಲ್ಲಿ ಅವಳು ಪರೀಕ್ಷೆಗೆ ಕೊಟ್ಟಿದ್ದ ರಕ್ತದಲ್ಲಿ ರೋಗ ಮತ್ತೆ ಕಾಣಿಸಿತ್ತು. ಇನ್ನೊಮ್ಮೆ ಕಿಮೋ ಕೊಟ್ಟು, ಅದು ತಗ್ಗಿದರೆ ಮಾತ್ರ ಕಸಿಯ ಮಾತು ಎಂದರು. 

ಮಾಲೆ ಇಳಿಸಿ ಗಾಳೇಶ ಬೆಟ್ಟದ ಬುಡದ ಹನುಮನಹಳ್ಳಿಯಿಂದ ಸೀದಾ ಬಂದ, ಕೈಯಲ್ಲಿ ಪ್ರಸಾದದ ತೆಂಗಿನಕಾಯಿ.

"ನಡಿಯಕ್ಕ, ಇವತ್ತ ಬೆಂಗಳೂರಿಗೆ ಹೋಗೂಣು."

"ಹೋಗೂಣಪ್ಪ. ಆದ್ರ ನಿಂದು ತಗೊಳ್ಳಾಕ ಇನ್ನೂ ಸ್ವಲ್ಪ ದಿನ ತಡೀರಿ ಅಂದಾರ ಡಾಕ್ಟರು."

ಗಾಳೇಶನ ಮುಖ ಅರಳಿತು. "ನೋಡು ಮತ್ತ. ನಾ ತಡಾ ಮಾಡಿದ್ನೇನೋ ಅಂತ ಭಾಳ ಅಂಜಿದ್ದೆ. ಹನುಮಪ್ಪ ನಮ್ಮ ಕೈ ಬಿಡಲಿಲ್ಲ."

"ಹೂಂ," ಎಂದಳು ವಿರೂಪಾಕ್ಷಮ್ಮ. ಬರಿಗಾಲಲ್ಲಿ ನಡೆದು ಅವನ ಹಿಮ್ಮಡಿ ಒಡೆದು ರಕ್ತ ಜಿನುಗುತ್ತಿತ್ತು. ಅವಳು ಕಣ್ಣು ತಪ್ಪಿಸಿ, ಅವನ ಕಾಲಿಗೆ ಬಿಸಿನೀರು ಕಾಯಿಸಲು ಒಳಗೆ ಹೋದಳು.